ಸನ್ಮಾನದ ಶಾಲು, ಸೇವೆಯ ಲೆಕ್ಕ

ಜುಲೈ ತಿಂಗಳು ರೋಟರಿ, ಲಯನ್ಸ್ ಕ್ಲಬ್ಬುಗಳಿಗೆ ಪದಗ್ರಹಣದ ಸುಗ್ಗಿ. ನವೆಂಬರಿನಿಂದಾಚೆಗೆ ನಮ್ಮ ಕನ್ನಡ ಸಂಘಗಳಿಗೆ, ಜಾತಿ ಸಮಾಜಗಳಿಗೆ, ಊರ ಹೆಸರಿನ ಬಳಗಗಳಿಗೆ ವಾರ್ಷಿಕೋತ್ಸವದ ಸುಗ್ಗಿ. ಎರಡರಲ್ಲೂ ಬರುವ ಫಸಲು ಒಂದೇ: ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ಮಾಟುಂಗದಿಂದ ಡೊಂಬಿವಲಿಯವರೆಗೆ ಯಾವ ಸಭಾಗೃಹಕ್ಕೆ ಹೋದರೂ ವೇದಿಕೆಯ ಮೇಲಿನ ಕುರ್ಚಿಗಳು ಮೊದಲೇ ಭರ್ತಿಯಾಗಿರುತ್ತವೆ. ಕೆಳಗಿನವು ಊಟದ ಹೊತ್ತಿಗೆ ಭರ್ತಿಯಾಗುತ್ತವೆ. ಸೇವೆಯ ಹೆಸರಿನಲ್ಲಿ ಹುಟ್ಟಿದ ನಮ್ಮ ಸಂಸ್ಥೆಗಳು ಇಂದು ಮುಖ್ಯವಾಗಿ ಪರಸ್ಪರ ಗೌರವಿಸಿಕೊಳ್ಳುವ ಸಂಸ್ಥೆಗಳಾಗಿವೆ ಎಂಬುದು ನನ್ನ ಆರೋಪ. ಆರೋಪವೆಂದೇ ಹೇಳುತ್ತೇನೆ; ಸವಿನಯ ಅಭಿಪ್ರಾಯವೆಂದು ಅದನ್ನು ಮೃದುಗೊಳಿಸುವ ಇಚ್ಛೆ ನನಗಿಲ್ಲ.

1905 ಈ ವಿಷಯದಲ್ಲಿ ನೆನೆಯಬೇಕಾದ ವರ್ಷ. ಆ ಫೆಬ್ರವರಿಯಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ಮೂವರು ಪರಿಚಿತರೊಡನೆ ಕುಳಿತು ಒಂದು ಕೂಟವನ್ನು ಕಟ್ಟಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯ ಪ್ರಕಾರ ಸಭೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರಾಯಿತು. ಅದೇ ವರ್ಷದ ಜೂನ್ 12ರಂದು ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಒಂದು ಹುಟ್ಟಿದ್ದು ಒಂಟಿತನದಿಂದ ಬೇಸತ್ತ ವ್ಯಾಪಾರಿಗಳ ಸ್ನೇಹಕೂಟವಾಗಿ; ಇನ್ನೊಂದು, ಅಲ್ಪ ವೇತನದಲ್ಲಿ ಬದುಕನ್ನೇ ದೇಶಕ್ಕೆ ಮುಡಿಪಿಡುವ ವ್ರತವಾಗಿ. ವ್ರತದ ದಾರಿ ಕಡಿದು, ಸ್ನೇಹದ ದಾರಿ ಸಲೀಸು. ನಾವು ಎರಡನೆಯದನ್ನು ಹಿಡಿದೆವು. ಅದರಲ್ಲಿ ತಪ್ಪಿಲ್ಲ. ಸ್ನೇಹಕೂಟವೂ ಸೇವೆ ಮಾಡಬಲ್ಲದು. ಶಿಕಾಗೋದ ಆ ಕ್ಲಬ್ಬು ಕೈಗೆತ್ತಿಕೊಂಡ ಮೊದಮೊದಲ ಸಾರ್ವಜನಿಕ ಕೆಲಸಗಳಲ್ಲೊಂದು ನಗರದ ನಡುವೆ ಸಾರ್ವಜನಿಕ ಶೌಚಾಲಯ ಕಟ್ಟಿಸಿದ್ದು. ನಮ್ಮ ಯಾವ ಸಂಘ ತನ್ನ ರಜತ ಮಹೋತ್ಸವದ ಸವಿನೆನಪಿಗೆ ಶೌಚಾಲಯವೊಂದನ್ನು ಕಟ್ಟಿಸೀತು? ಕಟ್ಟಿಸಿದರೂ ಉದ್ಘಾಟನೆಗೆ ಅತಿಥಿಗಳನ್ನು ಒಪ್ಪಿಸುವುದು ಕಷ್ಟವಾದೀತು.

ಕ್ಲಬ್ಬುಗಳ ಆಡಂಬರವನ್ನು ಗೇಲಿ ಮಾಡುವುದು ನಮ್ಮ ಸಾಹಿತ್ಯವಲಯದ ಹಳೆಯ ಚಟ. ಕೋಟು, ಕೊರಳಪಟ್ಟಿ, ಗಂಟೆ, ಸುತ್ತಿಗೆ, ಎದೆಯ ಮೇಲಿನ ಪಿನ್ನು, ಇವೆಲ್ಲ ನಗೆ ತರಿಸುವುದು ಸಹಜ. ಆದರೆ ಆ ಆಡಂಬರದ ಹಿಂದೆ ಒಂದು ಶಿಸ್ತು ಇತ್ತೆಂಬುದನ್ನು ನಾವು ನೋಡಲೇ ಇಲ್ಲ. ವಾರಕ್ಕೊಂದು ಸಭೆ; ತಪ್ಪಿದರೆ ಬೇರೊಂದು ಕ್ಲಬ್ಬಿನ ಸಭೆಗೆ ಹೋಗಿ ಹಾಜರಿಯನ್ನು ಸರಿದೂಗಿಸಬೇಕೆಂಬ ನಿಯಮ (ಈಚೆಗೆ ಅದು ಸಡಿಲಗೊಂಡಿದೆ). ಅಧ್ಯಕ್ಷನ ಅವಧಿ ಒಂದೇ ವರ್ಷ. ಜುಲೈ 1 ಬಂದರೆ ಕುರ್ಚಿ ಬಿಡಲೇಬೇಕು. 1925ರಲ್ಲಿ ಹೆಲೆನ್ ಕೆಲ್ಲರ್ ಅವರು ಅಂಧರ ಪರವಾಗಿ ಕರೆ ಕೊಟ್ಟಾಗ ಲಯನ್ಸ್ ಸಂಸ್ಥೆ ದೃಷ್ಟಿರಕ್ಷಣೆಯನ್ನು ತನ್ನ ಕೆಲಸವೆಂದು ಒಪ್ಪಿಕೊಂಡಿತು. ನಮ್ಮ ತಾಲೂಕು ಕೇಂದ್ರಗಳಲ್ಲಿ ನಡೆದ ಎಷ್ಟೋ ಕಣ್ಣಿನ ಶಿಬಿರಗಳ ಬೇರು ಅಲ್ಲಿದೆ. ರೋಟರಿ 1985ರಲ್ಲಿ ಪೋಲಿಯೋ ನಿರ್ಮೂಲನದ ಸಂಕಲ್ಪ ತೊಟ್ಟಿತು. ಭಾರತದ ಕೊನೆಯ ಪೋಲಿಯೋ ಪ್ರಕರಣ ಹೌರಾ ಜಿಲ್ಲೆಯಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ರಂದು. ಸರ್ಕಾರದ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ದುಡಿಮೆ ಅದರ ಬಹುಪಾಲು ಎಂಬುದು ನಿಜ. ಆದರೂ ಒಂದೇ ಗುರಿಯನ್ನು ಕೈಬಿಡದೆ ಮೂರು ದಶಕ ಹಿಡಿದ ಹಟ ಸಣ್ಣದಲ್ಲ. ನಮ್ಮ ಸಂಘಗಳು ಆ ಕ್ಲಬ್ಬುಗಳಿಂದ ಸ್ಮರಣಿಕೆಯನ್ನು ಕಲಿತವು, ಹಟವನ್ನು ಕಲಿಯಲಿಲ್ಲ. ಒಂದೇ ವರ್ಷದ ಅಧಿಕಾರಾವಧಿಯನ್ನಂತೂ ಕಲಿಯುವ ಮಾತೇ ಇಲ್ಲ. ಅಧ್ಯಕ್ಷರು ಕುರ್ಚಿಯಲ್ಲಿಯೇ ಷಷ್ಟ್ಯಬ್ದಿಯನ್ನೂ ಸಹಸ್ರಚಂದ್ರದರ್ಶನವನ್ನೂ ಆಚರಿಸಿಕೊಳ್ಳುತ್ತಾರೆ.

ಹಾಗೆಂದು ಒಂದು ವರ್ಷದ ಅವಧಿಯೂ ದೋಷಮುಕ್ತವಲ್ಲ. ಶಾಲೆಯ ಜಗಲಿಯಲ್ಲಿ, ರೈಲುನಿಲ್ದಾಣದ ಮೂಲೆಯಲ್ಲಿ ಕ್ಲಬ್ಬಿನ ಲಾಂಛನ ಹೊತ್ತ ನೀರಿನ ಯಂತ್ರವೊಂದು ನಿಂತಿರುವುದನ್ನು ಓದುಗರು ಕಂಡಿರಬಹುದು. ಫಲಕದಲ್ಲಿ ಅಧ್ಯಕ್ಷರ, ಕಾರ್ಯದರ್ಶಿಯ, ಗವರ್ನರರ ಹೆಸರುಗಳಿರುತ್ತವೆ. ನಲ್ಲಿಯಲ್ಲಿ ನೀರು ಮಾತ್ರ ಇರುವುದಿಲ್ಲ. ಸೋಸುವ ಕೊಳವೆಯನ್ನು ಬದಲಿಸುವುದು ಮುಂದಿನ ಅಧ್ಯಕ್ಷನ ಕೆಲಸ. ಅವನಿಗಾದರೋ ತನ್ನ ಹೆಸರಿನ ಹೊಸ ಯಂತ್ರ ಬೇಕು. ದುರಸ್ತಿಗೆ ಫಲಕವಿಲ್ಲ, ಆದ್ದರಿಂದ ದುರಸ್ತಿಯೂ ಇಲ್ಲ.

ನಮ್ಮವರು ಹಿಂದೆ ಹೀಗಿರಲಿಲ್ಲ. ಸ್ವಯಂಸೇವಕ ಎಂಬ ಮಾತಿಗೆ ಕನ್ನಡ ನಾಡಿನಲ್ಲಿ ಮೈಬಂದದ್ದು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರಿಂದ. 1923ರಲ್ಲಿ ಅವರು ಕಟ್ಟಿದ ಹಿಂದುಸ್ಥಾನಿ ಸೇವಾದಳ ತರಬೇತಿಯ ಮೇಲೆ ನಿಂತಿತ್ತು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಹುಟ್ಟಿತು. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಕರಾವಳಿಯಿಂದ ಬಂದು ಹಗಲು ಹೊಟೇಲಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತರು. ಕಲಿಸುತ್ತಿದ್ದವರೂ ಹಗಲೆಲ್ಲ ಆಫೀಸಿನಲ್ಲಿ ದುಡಿದು ಲೋಕಲ್ ಗಾಡಿಯಲ್ಲಿ ನಿಂತು ಬಂದವರೇ. ಆ ಶಾಲೆಗಳಿಂದ ವಕೀಲರು, ಬ್ಯಾಂಕಿನ ಅಧಿಕಾರಿಗಳು, ಹೊಟೇಲು ಮಾಲೀಕರು, ಲೇಖಕರು ಹೊರಬಂದರು. ಇಂದು ಸಂಘಗಳ ವೇದಿಕೆಯ ಮೇಲೆ ಕುಳಿತಿರುವ ಹಿರಿಯರಲ್ಲಿ ಕೆಲವರ ಮೊದಲ ಏಣಿ ಅದೇ ರಾತ್ರಿಶಾಲೆ. ಈಗ ಅವು ಬಹುತೇಕ ಮುಚ್ಚಿವೆ. ಹೊಟೇಲಿಗೆ ಕರಾವಳಿಯ ಹುಡುಗರು ಬರುತ್ತಿಲ್ಲ, ಹಾಗಾಗಿ ಶಾಲೆಗೆ ಮಕ್ಕಳಿಲ್ಲ ಎಂಬುದು ನಾವು ಕೊಡುವ ಕಾರಣ.

ಈ ಕಾರಣವನ್ನೇ ತುಸು ಕೆದಕಬೇಕು. ಕರಾವಳಿಯವರು ಬರುತ್ತಿಲ್ಲ, ಸರಿ. ಕನ್ನಡಿಗರೇ ಬರುತ್ತಿಲ್ಲವೆ? ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಕುಟುಂಬಗಳು ಬೇಸಿಗೆಗೆ ಮುನ್ನವೇ ಗಂಟುಮೂಟೆ ಕಟ್ಟಿ ಮುಂಬಯಿ, ಪುಣೆ, ಗೋವೆಗಳ ಕಟ್ಟಡ ಕಾಮಗಾರಿಗಳಿಗೆ ಬರುತ್ತಲೇ ಇವೆ. ಮರಳಿನ ರಾಶಿಯ ಪಕ್ಕದಲ್ಲಿ ತಗಡಿನ ಗುಡಿಸಲು. ಅದರಲ್ಲಿ ಕನ್ನಡವನ್ನಷ್ಟೇ ಬಲ್ಲ ಮಕ್ಕಳು. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿವೆಯೆಂದು ನಾವು ಠರಾವು ಮಂಡಿಸುತ್ತೇವೆ. ಆ ಮಕ್ಕಳನ್ನು ಕೈಹಿಡಿದು ಶಾಲೆಯ ಬಾಗಿಲಿಗೆ ಕರೆದೊಯ್ಯುವವರು ಮಾತ್ರ ಬೆರಳೆಣಿಕೆಯಷ್ಟು. ನಮ್ಮ ಸದಸ್ಯತ್ವದ ಅರ್ಜಿಗೆ ಇಬ್ಬರು ಸದಸ್ಯರ ಶಿಫಾರಸು ಬೇಕು, ಕಾಯಂ ವಿಳಾಸ ಬೇಕು. ಕಾಯಂ ವಿಳಾಸವಿಲ್ಲದ ಕನ್ನಡಿಗ ನಮ್ಮ ಲೆಕ್ಕದಲ್ಲಿ ಕನ್ನಡಿಗನೇ ಅಲ್ಲ. ಜನಗಣತಿಯಲ್ಲಿ ಕನ್ನಡ ಮಾತಾಡುವವರ ಸಂಖ್ಯೆ ಹೇಳಿ ಬೀಗುವಾಗ ಅವನು ಬೇಕು, ಸಭೆಯಲ್ಲಿ ಬೇಡ.

ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಹೊರಗಿನ ಪಾದಚಾರಿ ಮಾರ್ಗವನ್ನು ನೋಡಿ. ದೇಶದ ನಾನಾ ಮೂಲೆಗಳಿಂದ ಬಂದ ರೋಗಿಗಳೂ ಮನೆಯವರೂ ಅಲ್ಲೇ ಮಲಗುತ್ತಾರೆ. ಅವರಲ್ಲಿ ಉತ್ತರ ಕರ್ನಾಟಕದವರೂ ಇರುತ್ತಾರೆ. ಫೈಲು ಎಲ್ಲಿ ಮಾಡಿಸಬೇಕು, ಯಾವ ಸರದಿಯಲ್ಲಿ ನಿಲ್ಲಬೇಕು, ಡಾಕ್ಟರು ಹಿಂದಿಯಲ್ಲಿ ಹೇಳಿದ್ದೇನು ಎಂಬುದು ಅರ್ಥವಾಗದೆ ಕಂಗಾಲಾದವರಿಗೆ ಅಗತ್ಯವಾದುದು ಶಾಲಲ್ಲ, ಕನ್ನಡ ಬಲ್ಲ ಒಬ್ಬ ಮನುಷ್ಯ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ, ವಾರದ ಐದು ದಿನ, ಸರದಿಯ ಮೇಲೆ ಒಬ್ಬೊಬ್ಬರು. ಇದಕ್ಕೆ ಖರ್ಚೇ ಇಲ್ಲ. ಖರ್ಚಿಲ್ಲದಿರುವುದೇ ಅದರ ದೋಷವೋ ಏನೋ. ದಾನಿಗಳ ಹೆಸರು ಹಾಕಲು ಅದರಲ್ಲಿ ಜಾಗವಿಲ್ಲ.

ಮಹಿಳಾ ವಿಭಾಗ ಎಂಬ ಇನ್ನೊಂದು ಏರ್ಪಾಡಿನ ಬಗೆಗೂ ಒಂದು ಮಾತು. 1987ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಡುವವರೆಗೂ ರೋಟರಿ ಮಹಿಳೆಯರಿಗೆ ಸದಸ್ಯತ್ವ ನಿರಾಕರಿಸಿತ್ತು. ಎರಡು ವರ್ಷಗಳ ಬಳಿಕ ನಿಯಮಾವಳಿಯನ್ನೇ ತಿದ್ದಿತು. ಅದರ ಅಂತಾರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಮಹಿಳೆಯೊಬ್ಬರು ಬಂದದ್ದು 2022ರಲ್ಲಿ, ಸಂಸ್ಥೆ ಹುಟ್ಟಿ 117 ವರ್ಷಗಳ ಮೇಲೆ. ನಮ್ಮ ಸಂಘಗಳು ಯಾವ ನ್ಯಾಯಾಲಯಕ್ಕೂ ಕೆಲಸ ಕೊಡದೆ ಜಾಣತನದಿಂದ ಅದನ್ನೇ ಸಾಧಿಸಿವೆ. ಅರಸಿನ ಕುಂಕುಮ, ರಂಗೋಲಿ, ಅತಿಥಿಗಳಿಗೆ ಆರತಿ ಮಹಿಳಾ ವಿಭಾಗಕ್ಕೆ. ಖಜಾನೆ, ಕಟ್ಟಡ, ಮಾತು ಮುಖ್ಯ ವಿಭಾಗಕ್ಕೆ. ಮುಖ್ಯ ವಿಭಾಗವನ್ನು ಪುರುಷ ವಿಭಾಗವೆಂದು ಕರೆಯುವ ಪ್ರಾಮಾಣಿಕತೆಯಾದರೂ ಇದ್ದಿದ್ದರೆ ಒಳ್ಳೆಯದಿತ್ತು.

ಉತ್ತರಗಳು ನನಗೆ ಗೊತ್ತಿವೆ. ಸನ್ಮಾನವಿಲ್ಲದಿದ್ದರೆ ದಾನಿಗಳು ಬರುವುದಿಲ್ಲ ಎನ್ನುತ್ತಾರೆ. ಬಂದ ದಾನದಲ್ಲಿ ಎಷ್ಟು ಪಾಲು ಮುಂದಿನ ಸನ್ಮಾನಕ್ಕೆ ಹೋಗುತ್ತದೆಂಬುದನ್ನು ಅವರು ಹೇಳಬೇಕು. ಮಹಾರಾಷ್ಟ್ರದಲ್ಲಿ ಸಂಘವೊಂದು ಸಾರ್ವಜನಿಕ ವಿಶ್ವಸ್ತ ಸಂಸ್ಥೆಯಾಗಿಯೂ ನೋಂದಾಯಿತವಾಗುತ್ತದೆ. 1950ರ ಕಾಯದೆಯ ಪ್ರಕಾರ ಲೆಕ್ಕಪರಿಶೋಧಿತ ಪತ್ರ ಚಾರಿಟಿ ಕಮಿಷನರರ ಕಚೇರಿಗೆ ಹೋಗಬೇಕು. ಅದು ಹೋಗುತ್ತದೆ. ಆದರೆ ‘ಕಾರ್ಯಕ್ರಮದ ವೆಚ್ಚ’ ಎಂಬ ಒಂದೇ ಸಾಲಿನೊಳಗೆ ಸಭಾಗೃಹದ ಬಾಡಿಗೆ, ಹೂವು, ಅತಿಥಿಗಳ ವಿಮಾನದ ಟಿಕೇಟು, ವಿದ್ಯಾರ್ಥಿವೇತನ ಎಲ್ಲವೂ ಅಡಗಿ ಕುಳಿತಿದ್ದರೆ, ಸರ್ವಸದಸ್ಯರ ಸಭೆಯಲ್ಲಿ ಕೈಯೆತ್ತಿ ಅನುಮೋದಿಸುವವರಿಗೆ ತಿಳಿಯುವುದೇನು? ಮತ್ತೊಂದು ಉತ್ತರ ಇನ್ನೂ ಪ್ರಸಿದ್ಧ: ಬರೆಯುವುದು ಸುಲಭ, ಒಮ್ಮೆ ಕಾರ್ಯದರ್ಶಿಯಾಗಿ ನೋಡಿ. ಇದರಲ್ಲಿ ಅರ್ಧ ಸತ್ಯವಿದೆ. ಸಭಾಗೃಹ ಕಾದಿರಿಸಿ, ಅಡುಗೆಯವರನ್ನು ಹುಡುಕಿ, ಕೊನೆಗೆ ಕುರ್ಚಿಗಳನ್ನೂ ತಾವೇ ಜೋಡಿಸುವ ನಾಲ್ಕಾರು ಜನರ ಬೆವರನ್ನು ನಾನು ಅಲ್ಲಗಳೆಯುವುದಿಲ್ಲ. ಆ ಬೆವರು ಹರಿಯುತ್ತಿರುವ ದಿಕ್ಕಿನ ಬಗೆಗಷ್ಟೇ ನನ್ನ ತಕರಾರು.

ಈ ವರ್ಷದ ಸರ್ವಸದಸ್ಯರ ಸಭೆಗಳಿಗೆ ನೋಟೀಸು ಬರತೊಡಗಿವೆ. ಹೋಗಿ ಕುಳಿತುಕೊಳ್ಳುವವರು ಮೂರು ಪ್ರಶ್ನೆಗಳನ್ನು ಬರಹದಲ್ಲಿಯೇ ಕೊಡಲಿ. ಬಾಯಿಮಾತಿನದು ನಡವಳಿಯಲ್ಲಿ ದಾಖಲಾಗುವುದಿಲ್ಲ. ಸನ್ಮಾನಕ್ಕೆ ಕಳೆದ ವರ್ಷ ಖರ್ಚಾದದ್ದೆಷ್ಟು, ಶಿಕ್ಷಣಕ್ಕೆಷ್ಟು, ಬೇರೆಬೇರೆ ಸಾಲಿನಲ್ಲಿ? ಅಧ್ಯಕ್ಷರ ಅವಧಿಗೆ ನಿಯಮಾವಳಿಯಲ್ಲಿ ಮಿತಿಯಿದೆಯೆ, ಇಲ್ಲದಿದ್ದರೆ ತಿದ್ದುಪಡಿ ಯಾವಾಗ? ಆಸ್ಪತ್ರೆಯ ಸರದಿಗೆ ವಾರಕ್ಕೆ ಒಂದು ಬೆಳಿಗ್ಗೆ ಕೊಡಬಲ್ಲ ಸದಸ್ಯರು ಯಾರು? ಮೂರನೆಯ ಪ್ರಶ್ನೆಯ ಕೆಳಗೆ ಪ್ರಶ್ನೆ ಕೇಳಿದವರು ತಮ್ಮ ಹೆಸರನ್ನೇ ಮೊದಲು ಬರೆಯಬೇಕಾಗುತ್ತದೆ. ಪರೇಲಿನ ಗುರುವಾರದ ಸರದಿಗೆ ನನ್ನ ಹೆಸರನ್ನು ಬರೆದು ಕಳಿಸಿದ್ದೇನೆ. ಉಳಿದ ನಾಲ್ಕು ದಿನಗಳು ಖಾಲಿ ಇವೆ.