ಗೋಡೆಯ ಬೂಷ್ಟು

ಜೂನ್ ತಿಂಗಳ ಮಳೆ ಹಿಡಿದು ಕೆಲವು ವಾರಗಳು ಕಳೆಯುವಷ್ಟರಲ್ಲಿ ಮುಂಬಯಿಯ ಹಳೆಯ ಚಾಳುಗಳ ಗೋಡೆಗಳಲ್ಲಿ ಕಪ್ಪು, ಹಸಿರು ಕಲೆಗಳು ಕಾಣಿಸಿಕೊಳ್ಳುತ್ತವೆ. ಟ್ರಂಕಿನ ಬಟ್ಟೆ ಮುಗ್ಗಲು ನಾರುತ್ತದೆ. ಚಪ್ಪಲಿಯ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ಜೋಪಾನವಾಗಿಟ್ಟ ಸರ್ಟಿಫಿಕೇಟಿಗೂ ಕಲೆ ಹತ್ತುತ್ತದೆ. ಮಳೆಗಾಲದಲ್ಲಿ ಇದು ಇದ್ದದ್ದೇ ಎಂದು ನಮ್ಮವರು ಸುಮ್ಮನಿರುವುದು ವಾಡಿಕೆ. ಈ ಉದಾಸೀನ ತರವಲ್ಲವೆಂದು ನಾವು ಹೇಳಬಯಸುತ್ತೇವೆ.

ಬೂಷ್ಟು ಬರಿಯ ಕೊಳೆಯಲ್ಲ. ಅದು ತೇವವನ್ನು ಆಶ್ರಯಿಸಿ ಬೆಳೆಯುವ ಶಿಲೀಂಧ್ರ. ಅದರ ಕಣ್ಣಿಗೆ ಕಾಣದ ಕಣಗಳು ಗಾಳಿಯಲ್ಲಿ ಹಾರಿ ನಮ್ಮ ಉಸಿರಿನೊಳಗೆ ಸೇರುತ್ತವೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ ಮೊದಲಾದ ಶ್ವಾಸಸಂಬಂಧವಾದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿಯೇ ತಿಳಿಸಿದೆ. ದಿನವಿಡೀ ದುಡಿದು ಬಂದವನು ರಾತ್ರಿ ಇಂಥ ಗೋಡೆಗೆ ತಲೆಯಿಟ್ಟು ಮಲಗಿದರೆ ಅವನ ದೇಹಕ್ಕೆ ವಿಶ್ರಾಂತಿಯೆಲ್ಲಿ?

ಊರಿನಲ್ಲಿ ಇದಕ್ಕಿಂತಲೂ ಹೆಚ್ಚು ಮಳೆ ಸುರಿಯುವುದಿಲ್ಲವೇ ಎಂದು ಕರಾವಳಿಯ ವಾಚಕರು ಕೇಳಬಹುದು. ನಿಜ. ಆದರೆ ಊರಿನ ಹಳೆಯ ಮನೆಯಲ್ಲಿ ಹಂಚಿನ ಸಂದಿಗಳಿಂದ ಗಾಳಿಯಾಡುತ್ತಿತ್ತು. ಒಲೆಯ ಕಾವು ಅಟ್ಟದ ಮೇಲಿನ ಸಾಮಾನುಗಳನ್ನು ಒಣಗಿಸುತ್ತಿತ್ತು. ಇಲ್ಲಿ ಒಂದೇ ಕೋಣೆಯಲ್ಲಿ ಅಡಿಗೆ, ಸ್ನಾನ, ನಿದ್ರೆ ಎಲ್ಲವೂ ನಡೆಯಬೇಕು. ಒದ್ದೆ ಬಟ್ಟೆಯೂ ಅಲ್ಲಿಯೇ ಒಣಗಬೇಕು. ಇರಚಲಿಗೆ ಹೆದರಿ ಕಿಟಕಿ ಮುಚ್ಚಿದರೆ ಅಷ್ಟೂ ಹಬೆ ಗೋಡೆಗೇ ಇಳಿಯುತ್ತದೆ.

ಆದುದರಿಂದ ತೇವ ಹೋಗದೆ ಬೂಷ್ಟು ಹೋಗದು. ಒದ್ದೆ ಗೋಡೆಗೆ ಸುಣ್ಣ ಬಳಿದರೆ ಕಲೆ ಕೆಲವು ದಿನ ಮರೆಯಾಗಬಹುದು, ರೋಗ ಮಾತ್ರ ಒಳಗೇ ಉಳಿಯುತ್ತದೆ. ಅಡಿಗೆಯ ಹೊತ್ತಿನಲ್ಲಿಯೂ ಮಳೆ ಬಿಟ್ಟಾಗಲೂ ಕಿಟಕಿ ತೆರೆಯಬೇಕು. ಟ್ರಂಕು, ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಬೇಕು. ಕಲೆಯನ್ನು ಒಣ ಪೊರಕೆಯಿಂದ ಗುಡಿಸಬಾರದು. ಕಣಗಳು ಕೋಣೆಯೆಲ್ಲ ಹರಡುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸಾಬೂನು ನೀರಿನಿಂದ ಉಜ್ಜಿ ತೊಳೆದು, ಫ್ಯಾನಿನ ಗಾಳಿಯಲ್ಲಿ ಒಣಗಿಸಬೇಕು. ಬ್ಲೀಚಿಂಗ್ ಪೌಡರನ್ನು ಆಸಿಡ್‌ನೊಡನೆ ಎಂದಿಗೂ ಬೆರೆಸಕೂಡದು. ಅದರಿಂದ ಹುಟ್ಟುವ ವಿಷಾನಿಲ ಪ್ರಾಣಕ್ಕೇ ಅಪಾಯಕರ.

ಸೋರುವ ಮಾಡು, ಒಡೆದ ಪೈಪುಗಳನ್ನು ಬಾಡಿಗೆದಾರನ ಪೊರಕೆ ಸರಿಪಡಿಸಲಾರದು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾನೂನು, ತನ್ನ ವ್ಯಾಪ್ತಿಗೆ ಬರುವ ಮನೆಗಳನ್ನು ವಾಸಯೋಗ್ಯವಾಗಿ ದುರಸ್ತಿಯಲ್ಲಿಡುವ ಹೊಣೆಯನ್ನು ಮಾಲಿಕನ ಮೇಲೆಯೇ ಹೊರಿಸಿದೆ. ನೋಟೀಸು ಕೊಟ್ಟು ಕಾನೂನಿನ ಅವಧಿ ಮುಗಿದರೂ ಆತ ಅಲಕ್ಷಿಸಿದರೆ ಬಾಡಿಗೆದಾರರೇ ದುರಸ್ತಿ ಮಾಡಿಸಿ, ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲು ಮೀರದಂತೆ ಖರ್ಚನ್ನು ಮುರಿದುಕೊಳ್ಳಬಹುದು. ಚಾಳಿನವರು ಒಟ್ಟಾಗಿ ಬರೆದುಕೊಟ್ಟರೆ ಮಾತಿಗೆ ತೂಕ ಬರುತ್ತದೆ. ನಮ್ಮ ಗುಮಾಸ್ತ ಬಂಧುಗಳು ಅಕ್ಷರ ಬಲ್ಲವರು. ನೆರೆಯವರಿಗಾಗಿ ಆ ಅರ್ಜಿಯನ್ನು ಅವರು ಬರೆದುಕೊಡಬೇಕು.

ಕೊನೆಯದಾಗಿ ಹೋಟೆಲ್ ಮಾಲಿಕರಲ್ಲಿ ಒಂದು ಮಾತು. ಗಲ್ಲಾದ ಮೇಲೆ ಕುಳಿತ ಅನುಭವ ನಮಗೂ ಇದೆ; ಜಾಗದ ಅಭಾವವನ್ನು ನಾವು ಬಲ್ಲೆವು. ಆದರೂ ಅಡಿಗೆಮನೆಯ ಹಬೆಯೆಲ್ಲ ಏರುವ ಅಟ್ಟದಲ್ಲಿ, ಒದ್ದೆ ಚಾಪೆಯ ಮೇಲೆ ಹುಡುಗರನ್ನು ಮಲಗಿಸುವುದು ನ್ಯಾಯವಲ್ಲ. ಅಕ್ಕಿಯ ಮೂಟೆಗೆ ತೇವ ತಾಗದಿರಲೆಂದು ಹಲಗೆ ಹಾಸುತ್ತೇವೆ. ಆ ಅಕ್ಕಿಯನ್ನು ಅನ್ನ ಮಾಡಿ ಬಡಿಸುವವನಿಗೂ ಒಂದು ಹಲಗೆ, ಹಬೆಯನ್ನು ಹೊರಕ್ಕೆಳೆಯುವ ಒಂದು ಫ್ಯಾನು, ಒಣಗಿದ ಒಂದು ಹಾಸಿಗೆ ಬೇಡವೇ? ಮುಂದಿನ ಮಳೆ ಬರುವ ಮೊದಲೇ ಇಷ್ಟನ್ನಾದರೂ ಮಾಡಿಕೊಡಬೇಕೆಂದು ನಮ್ಮ ವಿನಂತಿ.