ಕಾಳೂ ದಂಡೆಯಿಂದ



ಕಳೆದ ಸಂಚಿಕೆಯಲ್ಲಿ ನೀರಿನ ಟ್ಯಾಂಕರುಗಳ ಪುರಾಣ ಬರೆದಿದ್ದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ನಮ್ಮ ಟಿಟ್ವಾಳಾದಲ್ಲಿ ಋತುಗಳು ಎರಡೇ. ನೀರಿಲ್ಲವೆಂದು ಗೋಳಿಡುವುದು ಒಂದು, ನೀರು ಬಂತೆಂದು ಗೋಳಿಡುವುದು ಇನ್ನೊಂದು. ಭಾತ್ಸಾ ಅಣೆಕಟ್ಟಿನ ನೀರು ನಮ್ಮ ಠಾಣೆ ಜಿಲ್ಲೆಯಿಂದಲೇ ಮುಂಬಯಿಯ ನಲ್ಲಿಗಳಿಗೆ ಹರಿದುಹೋಗುತ್ತದೆ. ನಾವು ಮಾತ್ರ ಏಪ್ರಿಲಿನಲ್ಲಿ ಕೊಡ ಹಿಡಿದು ನಿಲ್ಲುತ್ತೇವೆ. ಅದಿರಲಿ.

ಊರಿಗೆ ಹೊಸದಾಗಿ ಬಂದ ನೆಂಟರೊಬ್ಬರು ನಮ್ಮ ನದಿಯ ಹೆಸರು ಕೇಳಿ ನಕ್ಕರು. "ಕಾಳು ಎಂದರೆ ಹೆಸರುಕಾಳೋ ಕಡಲೆಕಾಳೋ?" ಎಂದರು. ಜುಲೈ ತಿಂಗಳಲ್ಲಿ ಬಂದು ನೋಡಿ ಎಂದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಂಬಯಿಯ ಕಥೆಯನ್ನು ಲೋಕವೆಲ್ಲ ಓದಿತು. ಉಲ್ಹಾಸ, ಕಾಳೂ ನದಿಗಳ ದಂಡೆಯ ನಮ್ಮಂಥವರ ಕಥೆ ಒಳಪುಟಕ್ಕೆ ಹೋಯಿತು. ನಾನಾಗ ಕಾಲೇಜಿನ ಹುಡುಗ. ಈ ಸಲವೂ ದಂಡೆಯ ಕಡೆಯ ತಗ್ಗಿನಲ್ಲಿ ವಾಸಿಸುವವರು ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲೆ ಮುಂತಾದುವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟುಕೊಳ್ಳಬೇಕೆಂದು ವಿನಂತಿ.

ರೈಲಿನ ಸುದ್ದಿ ಇಲ್ಲದೆ ಈ ಅಂಕಣ ಮುಗಿದದ್ದುಂಟೆ? ಕಲ್ಯಾಣದಿಂದ ವಾಸಿಂದಿನವರೆಗೆ ಹಳಿ ಬಿದ್ದದ್ದು 1855ರಲ್ಲಿ. ಮುಂಬಯಿಗೂ ನಮಗೂ ನಡುವೆ ಸುಮಾರು 64 ಕಿಲೋಮೀಟರು. ಕಲ್ಯಾಣದಿಂದ ಈಚೆಗೆ ನಮ್ಮ ಪಾಲಿಗಿರುವುದು ಎರಡೇ ಹಳಿ. ನಾಸಿಕದ ಕಡೆಯ ಮೇಲುಗಾಡಿಗಳು, ಸಾಮಾನುಗಾಡಿಗಳು, ನಮ್ಮ ಲೋಕಲ್ಲು, ಎಲ್ಲವೂ ಅದರ ಮೇಲೆಯೇ ಓಡಬೇಕು. ದೊಡ್ಡ ಗಾಡಿ ಬಂದರೆ ಸಣ್ಣದು ಬದಿಗೆ ನಿಲ್ಲಬೇಕು. ಕಚೇರಿಯಲ್ಲಿ ಸಾಹೇಬರು ಬಂದಾಗ ಗುಮಾಸ್ತ ಗೋಡೆಗೆ ಆತುಕೊಳ್ಳುವ ಹಾಗೆ. ಕಲ್ಯಾಣ-ಕಸಾರಾ ಮೂರನೆಯ ಹಳಿಯ ಕೆಲಸ ನಡೆಯುತ್ತಿದೆ ಎಂದು ಹಿಂದೆಯೂ ಬರೆದಿದ್ದೆ, ಈಗಲೂ ಅಷ್ಟೇ ಬರೆಯುತ್ತೇನೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಜೀವ ಕಳೆದುಕೊಂಡರಲ್ಲ, ಆ ಗಾಡಿಗಳಲ್ಲಿ ಒಂದು ಕಸಾರಾದಿಂದ ನಮ್ಮೂರ ಮೇಲೆಯೇ ಹೋದದ್ದು. ಆ ದಿನ ಸಂಜೆ ನಮ್ಮ ಎಷ್ಟು ಮನೆಗಳಲ್ಲಿ ಒಲೆ ಹಚ್ಚದೆ ಬಾಗಿಲಲ್ಲಿ ನಿಂತಿದ್ದರೆಂಬುದು ನಿಮಗೆ ಗೊತ್ತು. ತಡವಾಗುವುದೆಂದು ಬಾಗಿಲಲ್ಲಿ ನೇತಾಡುವ ಹುಡುಗರಿಗೆ ಮನೆಯ ಹಿರಿಯರು ಹೇಳಿದರೆ ಕೇಳಿಯಾರು. ನನ್ನ ಮಾತನ್ನಂತೂ ಕೇಳುವುದಿಲ್ಲ.

ಈಗ ಈ ಸಂಚಿಕೆಯ ಮುಖ್ಯ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದೆ.

ನಮ್ಮ ಸಂಘದ ಒಬ್ಬ ಬಂಧು, ಬೈಂದೂರಿನ ಕಡೆಯವರು, ಘಾಟಕೋಪರಿನ ಒಂದು ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದಾರೆ. ಹೆಸರು ಬರೆಯುವುದಿಲ್ಲ, ಅವರೂ ಈ ಪತ್ರಿಕೆಯ ವಾಚಕರೇ. ಹದಿನಾರನೆಯ ವಯಸ್ಸಿನಲ್ಲಿ ಬಂದು ಲೋಟ ತೊಳೆದವರು, ಈಗ ಗಲ್ಲದ ಮೇಲೆ ಕೂರುತ್ತಾರೆ. ಇಷ್ಟು ವರ್ಷವೂ ಅಂಗಡಿಯ ಅಟ್ಟದ ಮೇಲೆಯೇ ಮಲಗಿದವರಿಗೆ, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಊರಿನಿಂದ ಕರೆಸಿಕೊಳ್ಳಬೇಕೆಂಬ ಆಸೆ. ಮುಂಬಯಿಯಲ್ಲಿ ಆಗದು, ಠಾಣೆಯಲ್ಲಿ ಆಗದು, ಡೊಂಬಿವಲಿ ಕೂಡ ಕೈಗೆ ಸಿಗದು. ಹಳಿ ಹಿಡಿದು ಹೊರಟವರು ಎಲ್ಲಿ ಬೆಲೆ ಇಳಿಯುತ್ತದೋ ಅಲ್ಲಿ ಇಳಿಯುತ್ತಾರೆ. ನಾವೆಲ್ಲ ಟಿಟ್ವಾಳಾಕ್ಕೆ ಬಂದದ್ದು ಹಾಗೆಯೇ. ಮಹಾಗಣಪತಿಯ ದರ್ಶನಕ್ಕೆಂದು ಬಂದು ಇಲ್ಲೇ ನಿಂತೆವೆಂದು ನೆಂಟರ ಮುಂದೆ ಹೇಳಿಕೊಳ್ಳುತ್ತೇವೆ, ಅಷ್ಟೆ.

ಅವರಿಗೆ ಒಂದು ಚಾಳಿನಲ್ಲಿ ಕೋಣೆ ಸಿಕ್ಕಿತು. ಹತ್ತು ಅಡಿಗೆ ಹದಿನೈದು ಅಡಿ, ಮೇಲೆ ಸಿಮೆಂಟಿನ ತಗಡು, ಆರು ಲಕ್ಷ ರೂಪಾಯಿ. ಅದರಲ್ಲಿ ಹೆಂಡತಿಯ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನವಿತ್ತು, ಭಾವನ ಕೈಗಡವಿತ್ತು, ಇಪ್ಪತ್ತೆರಡು ವರ್ಷವಿತ್ತು. ಹಣದ ಕೊನೆಯ ಕಂತು ಕೊಡುವ ಹಿಂದಿನ ದಿನ, ಸಂಜೆ ಕಲ್ಯಾಣದ ಪ್ಲಾಟ್‌ಫಾರಮ್ಮಿನಲ್ಲಿ ಅವರು ನನಗೆ ಎದುರಾದರು. ಚೀಲದಿಂದ ಒಂದು ಕಾಗದ ತೆಗೆದು, "ನೀವ್ ಆಫೀಸಲ್ ಇಪ್ಪೋರ್ ಅಲ್ದಾ, ಇದೊಂದ್ ಕಾಣಿ ಮರಾಯ್ರೆ. ಸಮ ಇತ್ತಾ?" ಎಂದರು.

ನಾನು ಕಂಡೆ. ಹೇಗೆ ಕಂಡೆ ಎಂದರೆ, ಗಾಡಿ ಬರುವ ಘೋಷಣೆ ಆಗಿತ್ತು, ಒಂದು ಕೈಯಲ್ಲಿ ತರಕಾರಿಯ ಚೀಲವಿತ್ತು. ನೂರು ರೂಪಾಯಿಯ ಛಾಪಾ ಕಾಗದ, ಮರಾಠಿ ಟೈಪು, ಕೆಳಗೆ ನೋಟರಿಯ ಕೆಂಪು ಮೊಹರು, ಇಬ್ಬರು ಸಾಕ್ಷಿಗಳ ಸಹಿ. ದಿನಕ್ಕೆ ನೂರು ಕಡತ ಮಗುಚುವ ಬಿ.ಎ. ಓದಿದ ಗುಮಾಸ್ತ ನಾನು. "ನೋಟರಿ ಆಗಿದೆ, ಪರವಾಗಿಲ್ಲ" ಎಂದು ಹೇಳಿ ಗಾಡಿ ಹತ್ತಿದೆ.

ಎಂಟು ತಿಂಗಳ ಬಳಿಕ ಒಂದು ಬೆಳಿಗ್ಗೆ ಹಳದಿ ಜೆ.ಸಿ.ಬಿ. ಯಂತ್ರ ಬಂತು. ಚಾಳಿನ ಗೋಡೆಗೆ ಮೊದಲೇ ನೋಟೀಸು ಅಂಟಿಸಿದ್ದರಂತೆ. "ಇಂಥವು ಎಲ್ಲರಿಗೂ ಬರುತ್ತವೆ, ನಾನು ನೋಡಿಕೊಳ್ಳುತ್ತೇನೆ" ಎಂದು ಕೋಣೆ ಮಾರಿದಾತ ಹೇಳಿದನಂತೆ. ಆ ದಿನ ಅವನ ಫೋನು ಬಂದಾಗಿತ್ತು. ಪಾತ್ರೆ, ಹಾಸಿಗೆ, ಗ್ಯಾಸಿನ ಸಿಲಿಂಡರು ಹೊರಗಿಡಲು ಒಂದಿಷ್ಟು ಹೊತ್ತು ಕೊಟ್ಟರು. ಶಾಲೆಗೆ ಹೋಗಿದ್ದ ಮಕ್ಕಳು ಮಧ್ಯಾಹ್ನ ಮರಳಿದಾಗ ಮನೆಯ ಜಾಗದಲ್ಲಿ ತಗಡಿನ ರಾಶಿ. ನಾನು ಸಂಜೆ ಹೋದೆ. ಆ ತಾಯಿ ಗ್ಯಾಸಿನ ಒಲೆಯನ್ನು ಸೀರೆಯ ಸೆರಗಿನಿಂದ ಒರೆಸುತ್ತ ಕುಳಿತಿದ್ದರು. ನನಗೆ ಕುಳಿತುಕೊಳ್ಳಿ ಎಂದರು, ಎಲ್ಲಿ ಕುಳಿತುಕೊಳ್ಳಲಿ? ನಮ್ಮ ಬಂಧು ಆ ಕಾಗದವನ್ನು ತಂದು ಮತ್ತೆ ನನ್ನ ಕೈಗೆ ಕೊಟ್ಟರು. "ನೋಟ್ರಿ ಆಯ್ತಲೆ?" ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಕಾಗದವನ್ನು ಅಂದು ರಾತ್ರಿ ಮನೆಯಲ್ಲಿ ಕುಳಿತು ಓದಿದೆ. ಓದಲು ಬೇಕಾದದ್ದು ಹತ್ತು ನಿಮಿಷ. ಅದರಲ್ಲಿ ಜಮೀನಿನ ಸರ್ವೆ ನಂಬರು ಇರಲಿಲ್ಲ. ಕಟ್ಟಡಕ್ಕೆ ಅನುಮತಿಯ ಮಾತೂ ಇರಲಿಲ್ಲ. "ಮುಂದೆ ಸರಕಾರದಿಂದ ಏನಾದರೂ ತೊಂದರೆಯಾದರೆ ಖರೀದಿದಾರನೇ ಹೊಣೆ" ಎಂಬ ಅರ್ಥದ ಒಂದು ಸಾಲು ಮಾತ್ರ ಸ್ಪಷ್ಟವಾಗಿತ್ತು.

ನೋಟರಿ ಎಂದರೆ ಏನೆಂಬುದನ್ನು ನಾನು ಆ ಪ್ಲಾಟ್‌ಫಾರಮ್ಮಿನಲ್ಲಿ ಹೇಳಬೇಕಾಗಿತ್ತು. ಈಗ ಹೇಳುತ್ತೇನೆ. ಇಂಥವರು ನನ್ನ ಎದುರಿಗೆ ಸಹಿ ಹಾಕಿದರು ಎಂಬುದಕ್ಕೆ ನೋಟರಿಯ ಮೊಹರು ಸಾಕ್ಷಿ. ಸಹಿ ಹಾಕಿದವನಿಗೆ ಆ ಜಾಗ ಸೇರಿದ್ದೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ನೂರು ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. 1908ರ ನೋಂದಣಿ ಕಾಯಿದೆ ಹೇಳುವುದು ಅದನ್ನೇ. ಆರು ಲಕ್ಷದ ಕೋಣೆಯನ್ನು ನೂರು ರೂಪಾಯಿಯ ಕಾಗದದಲ್ಲಿ ಮುಗಿಸುವವನು ನಮಗೆ ಖರ್ಚು ಉಳಿಸುತ್ತಿಲ್ಲ. (2024ರ ಅಕ್ಟೋಬರಿನಿಂದ ಮಹಾರಾಷ್ಟ್ರದಲ್ಲಿ ಹೆಚ್ಚಿನ ಕರಾರುಗಳಿಗೆ ಛಾಪಾ ಕಾಗದ ಐನೂರರದ್ದಾಗಿದೆ. ಬೆಲೆ ಹೆಚ್ಚಿತೆಂದು ಅದರ ಬಲ ಹೆಚ್ಚಲಿಲ್ಲ.)

ಇನ್ನೊಂದು ಭ್ರಮೆ ಲೈಟ್ ಬಿಲ್ಲಿನದು. ನಮ್ಮ ಬಂಧುವಿನ ಬಳಿ ಅದೂ ಇತ್ತು. ಮೀಟರು ಕೊಟ್ಟಿದ್ದಾರೆ, ಘರ್‌ಪಟ್ಟಿ ವಸೂಲು ಮಾಡುತ್ತಾರೆ, ಅಂದಮೇಲೆ ಮನೆ ಸರಿಯಾದದ್ದೇ ಅಲ್ಲವೆ ಎಂದು ನಮ್ಮವರು ಕೇಳುತ್ತಾರೆ. ಅಲ್ಲ. ಅನಧಿಕೃತ ಕಟ್ಟಡದಿಂದಲೂ ಪಾಲಿಕೆಗಳು ತೆರಿಗೆ ತೆಗೆದುಕೊಳ್ಳಬಹುದು, ದಂಡವಾಗಿ ಎರಡು ಪಟ್ಟು ಕೂಡ. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಅಧಿಕೃತವಾಗುವುದಿಲ್ಲವೆಂದು ಕಾಯಿದೆಯಲ್ಲಿಯೇ ಇದೆ.

ಹಾಗಾದರೆ ನೋಡಬೇಕಾದದ್ದು ಏನು? ಮೊದಲು ಜಮೀನಿನ ಸಾತ್‌ಬಾರಾ. ಮೈಸೂರು, ಕರಾವಳಿಯವರಿಗೆ ಪಹಣಿ ಎಂದರೆ ತಿಳಿಯುತ್ತದೆ. ಬೆಳಗಾವಿ, ಧಾರವಾಡ, ವಿಜಾಪುರದವರಿಗೆ ವಿವರಿಸುವುದೇ ಬೇಡ; 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಆ ಜಿಲ್ಲೆಗಳಲ್ಲಿ ಇಂದಿಗೂ ಅದನ್ನು ಉತಾರ ಎಂದೇ ಕರೆಯುತ್ತಾರೆ. ಏಳನೆಯ ನಮೂನೆಯಲ್ಲಿ ಜಮೀನು ಯಾರದೆಂದಿರುತ್ತದೆ, ಹನ್ನೆರಡನೆಯದರಲ್ಲಿ ಬೆಳೆಯ ವಿವರ. ಸರಕಾರದ ಡಿಜಿಟಲ್ ಸಹಿಯುಳ್ಳ ಪ್ರತಿ 15 ರೂಪಾಯಿಗೆ ಮೊಬೈಲಿನಲ್ಲಿಯೇ ಸಿಗುತ್ತದೆ. ಅದರಲ್ಲಿ 'ಇತರ ಹಕ್ಕು' ಎಂಬ ಅಂಕಣವಿದೆ, ಕಣ್ಣು ಮೊದಲು ಅಲ್ಲಿ ಹೋಗಲಿ. ಸಾಲ, ಗೇಣಿ, ಇತರ ತಕರಾರುಗಳೆಲ್ಲ ಅಲ್ಲಿ ಅಡಗಿರುತ್ತವೆ. ನಮ್ಮ ಸುತ್ತ ಆದಿವಾಸಿಗಳ ಜಮೀನು ಬಹಳ. ಜಿಲ್ಲಾಧಿಕಾರಿಯ ಮಂಜೂರಾತಿಯಿಲ್ಲದೆ ಅದನ್ನು ಆದಿವಾಸಿಯಲ್ಲದವರಿಗೆ ಕೊಡುವಂತಿಲ್ಲ. ಅಂಥ ಜಾಗದಲ್ಲಿ ಕೋಣೆ ಕೊಂಡರೆ ಹೋಗುವುದು ನಮ್ಮ ದುಡ್ಡಷ್ಟೇ ಅಲ್ಲ, ಒಬ್ಬ ಬಡವನ ಭೂಮಿಯೂ ಹೌದು. ಈ ಮಾತನ್ನು ನಾವು ಚಾಳು ಹುಡುಕುವಾಗ ನೆನೆಯುವುದಿಲ್ಲ.

ಆಮೇಲೆ ಕಟ್ಟಲು ಪಾಲಿಕೆ ಕೊಟ್ಟ ಅನುಮತಿ, ಕಟ್ಟಿದ ಮೇಲೆ ವಾಸಕ್ಕೆ ಕೊಟ್ಟ ಪ್ರಮಾಣಪತ್ರ. ಎರಡನೆಯದಕ್ಕೆ ಮರಾಠಿಯಲ್ಲಿ ಭೋಗವಟಾ ಪ್ರಮಾಣಪತ್ರ ಎನ್ನುತ್ತಾರೆ. ಎಂಟಕ್ಕಿಂತ ಹೆಚ್ಚು ಮನೆಗಳಿರುವ ಅಥವಾ 500 ಚದರ ಮೀಟರಿಗಿಂತ ಹೆಚ್ಚು ಜಾಗದ ಹೊಸ ಕಟ್ಟಡವಾದರೆ ಮಹಾರೇರಾದ ನಂಬರು ಬೇಕು; 2017ರ ಮೇ 1ರಿಂದ ಈ ವ್ಯವಸ್ಥೆಯಿದೆ. ನೋಂದಾಯಿತ ಕರಾರು ಆಗದೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ.

ಮಹಾರೇರಾದ ನಂಬರಿದ್ದರೆ ಇನ್ನೇನೂ ನೋಡಬೇಕಿಲ್ಲ ಎಂದು ತಿಳಿಯಬೇಡಿ. ನೆರೆಯ ಡೊಂಬಿವಲಿಯಲ್ಲಿ ಆದದ್ದು ನಿಮಗೆ ನೆನಪಿದೆ. 65 ಕಟ್ಟಡಗಳವರು ಪಾಲಿಕೆಯ ನಕಲಿ ಅನುಮತಿ ಪತ್ರ ತೋರಿಸಿ ನಂಬರು ಪಡೆದಿದ್ದರು. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅವನ್ನು ಕೆಡವಬೇಕೆಂದು ಆದೇಶಿಸಿತು. ಅಲ್ಲಿ ಇದ್ದವರು ನನ್ನ ಹಾಗೆ ಪ್ಲಾಟ್‌ಫಾರಮ್ಮಿನಲ್ಲಿ ಕಾಗದ ಓದಿದವರಲ್ಲ. ಬ್ಯಾಂಕಿನ ಸಾಲ ತೆಗೆದು, ನೋಂದಣಿ ಮಾಡಿಸಿ ಬಂದವರೂ ಇದ್ದರು. ಆದ್ದರಿಂದ ಮಾರುವವನು ತೋರಿಸಿದ ಅನುಮತಿಯ ನಂಬರನ್ನು ಬರೆದುಕೊಂಡು, ಪಾಲಿಕೆಯ ನಗರರಚನಾ ವಿಭಾಗಕ್ಕೆ ಹೋಗಿ ತಾಳೆ ನೋಡಬೇಕು. ಬಾಯಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಕೊಡಬೇಕು. ಅದಕ್ಕೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಮೂವತ್ತು ದಿನ ಕಾಯಲಾರೆ, ನಾಳೆಯೇ ಬೇರೆಯವರಿಗೆ ಕೊಡುತ್ತೇನೆ ಎನ್ನುವವನಿಗೆ ಕೊಡಲಿ ಬಿಡಿ.

ಇಷ್ಟನ್ನೂ ನಮ್ಮವರು ಮಾಡಲಾರರೆ? ಮಾಡಬಲ್ಲರು. ತೊಡಕಿರುವುದು ಭಾಷೆಯಲ್ಲಿ. ಮರಾಠಿ ನಮಗೆಲ್ಲ ಬಾಯಲ್ಲಿ ಬರುತ್ತದೆ. ಸಂತೆಯಲ್ಲಿ ಚೌಕಾಸಿ ಮಾಡುತ್ತೇವೆ, ಗಾಡಿಯಲ್ಲಿ ಜಗಳವನ್ನೂ ಆಡುತ್ತೇವೆ. ಆದರೆ ಖರೇದಿಖತ, ಬಿನಶೇತಿ, ಕುಲಮುಖತ್ಯಾರಪತ್ರ ಎಂಬ ಶಬ್ದಗಳು ಬಂದಾಗ ಓದಿದಂತೆ ತಲೆಯಾಡಿಸಿ ಸಹಿ ಹಾಕುತ್ತೇವೆ. ನಾಚಿಕೆ. ನನಗೂ ಅದೇ ನಾಚಿಕೆಯಿತ್ತು. ಮೊಹರು ಕಂಡು ಧೈರ್ಯ ತಂದುಕೊಂಡೆ.

ಮೇ ತಿಂಗಳ ಸಭೆಯಲ್ಲಿ ಈ ವಿಷಯ ಎತ್ತಿದೆ. ವಾರ್ಷಿಕೋತ್ಸವದ ನಾಟಕ, ಊಟದ ಖರ್ಚು ಇವುಗಳ ಚರ್ಚೆ ಮುಗಿದ ಮೇಲೆ ಕೊನೆಗೆ ಹತ್ತು ನಿಮಿಷ ಸಿಕ್ಕಿತು. ಸಂಘದ ಕೆಲಸ ಇದಲ್ಲ, ನಾಳೆ ಯಾರಿಗಾದರೂ ಮೋಸವಾದರೆ ಸಂಘದ ತಲೆಗೆ ಬರುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಅವರ ಮಾತೂ ತಪ್ಪಲ್ಲ. ಕೊನೆಗೆ ಸಂಘದ ಹೆಸರಿಲ್ಲದೆ, ಸಂಘದ ಕೋಣೆಯಲ್ಲಿ ಕುಳಿತುಕೊಳ್ಳಲು ಒಪ್ಪಿಗೆಯಾಯಿತು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು, ಕಲ್ಯಾಣದಲ್ಲಿ ವಕೀಲಿ ಮಾಡುತ್ತಿರುವ ನಮ್ಮ ಸೋದರಿಯೊಬ್ಬರು ಮತ್ತು ಮರಾಠಿ ಶಾಲೆಯ ನಿವೃತ್ತ ಶಿಕ್ಷಕರೊಬ್ಬರು ಕುಳಿತಿರುತ್ತೇವೆ. ಕಾಗದವನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತೇವೆ. ಕೊಳ್ಳಿ, ಬಿಡಿ ಎಂದು ಹೇಳುವುದಿಲ್ಲ. ಮೂಲ ಪ್ರತಿ ತರಬೇಡಿ, ಛಾಯಾಪ್ರತಿ ಸಾಕು. ಮುಂಗಡ ಕೊಡುವ ಮೊದಲು ಬನ್ನಿ. ಕೊಟ್ಟ ಮೇಲೆ ಬಂದವರು ಮೊದಲ ಭಾನುವಾರವೇ ಇಬ್ಬರಿದ್ದರು.

ನಮ್ಮ ಬೈಂದೂರಿನ ಬಂಧು ಈಗ ಮಾಂಡಾದಲ್ಲಿ ಬಾಡಿಗೆಗಿದ್ದಾರೆ. ಮಕ್ಕಳ ಶಾಲೆ ತಪ್ಪಿಲ್ಲ. ಮಾರಿದಾತನ ಮೇಲೆ ದೂರು ಕೊಟ್ಟಿದ್ದಾರೆ. ದೂರನ್ನು ಬರೆದವನು ನಾನು, ಈ ಸಲ ಮೂರು ಬಾರಿ ಓದಿ. ಮೊನ್ನೆಯ ಭಾನುವಾರ ಅವರೂ ಕೋಣೆಗೆ ಬಂದಿದ್ದರು. ಕ್ಯಾಂಟೀನಿನ ಹುಡುಗನೊಬ್ಬ ಖಡವಲಿಯ ಕಡೆ ಕೋಣೆ ನೋಡಿದ್ದಾನಂತೆ, ಅವನನ್ನು ಜೊತೆಗೆ ಕರೆದುಕೊಂಡು. ಹುಡುಗ ಕಾಗದ ಬಿಡಿಸಿದ. ಮೇಲೆ ಛಾಪಾ ಕಾಗದ, ಕೆಳಗೆ ಕೆಂಪು ಮೊಹರು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವರೇ ಬೆರಳಿಟ್ಟು, "ಸರ್ವೆ ನಂಬ್ರ ಎಲ್ಲಿತ್ತ್, ಕಾಣ್" ಎಂದು ಹುಡುಗನಿಗೆ ತೋರಿಸತೊಡಗಿದರು.