ಗಾಡಿಯ ವಯಸ್ಸಿಗೆ ದಂಡ, ರಿಪೇರಿಗೆ ಬೀಗ

ನಮ್ಮ ಸೋದರಮಾವನ ಮನೆಯ ಶೆಡ್ಡಿನಲ್ಲಿ 2003ರಲ್ಲಿ ನೋಂದಣಿಯಾದ ಒಂದು ಸ್ಯಾನ್ ಸ್ಟಾರ್ಮ್ ಇದೆ. ನಿಮ್ಮಲ್ಲಿ ಬಹುಪಾಲು ಜನ ಹೆಸರೇ ಕೇಳಿರಲಿಕ್ಕಿಲ್ಲ. ಬೆಂಗಳೂರಿನ ಕಂಪನಿಯೊಂದು ತಂದಿದ್ದ, ಎರಡೇ ಸೀಟಿನ, ಫೈಬರ್ ಮೈಯ ಪುಟ್ಟ ಸ್ಪೋರ್ಟ್ಸ್ ಕಾರು. ಎಂಜಿನ್ ಮಾತ್ರ ಫ್ರಾನ್ಸಿನ ರೆನೋದ್ದು. ಇದರ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಎರಡು ವರ್ಷದ ಹಿಂದೆ ಪೆಟ್ರೋಲ್ ಪೈಪು ಸೋರಿ ಗಾಡಿ ನಿಂತಿತು. ಅಲ್ಲಿಂದ ಭಾನುವಾರ ಬಂದರೆ ಮಾವ, ನಾನು ಅದನ್ನು ಬಿಚ್ಚೋದು, ತೊಳೆಯೋದು, ಮತ್ತೆ ಜೋಡಿಸೋದು.

‘ಇದೆಲ್ಲ ದುಡ್ಡಿದ್ದವರ ಶೋಕಿ, ಇದರಲ್ಲಿ ರಾಜಕೀಯ ಏನಿದೆ?’ ಅಂತ ನೀವು ಕೇಳಬಹುದು. ಮಾವ ನಿವೃತ್ತ ಫಿಟ್ಟರ್. ಗುಜರಿಗೆ ಹೊರಟಿದ್ದ ಗಾಡಿಯನ್ನು ಹಳೇ ಸ್ಕೂಟರಿನ ಬೆಲೆಗೆ ಕೊಂಡವರು. ರಾಜಕೀಯ ಎಲ್ಲಿದೆ ಅನ್ನೋದಕ್ಕೆ ಅವರ ಫೈಲಿನಲ್ಲಿರುವ ರಸೀದಿಗಳನ್ನೇ ನೋಡಿ.

15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2018ರಲ್ಲಿ ಮಾವ ಕಟ್ಟಿದ ಶುಲ್ಕ 600 ರೂಪಾಯಿ. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಅದನ್ನು 5,000ಕ್ಕೆ ಏರಿಸಿತು, 2023ರಲ್ಲಿ ಅಷ್ಟು ಕಟ್ಟಿದರು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಬೈಕಿಗೆ 2,000, ಆಮದು ಮಾಡಿಕೊಂಡ ಕಾರಿಗೆ 80,000. ಅಂದರೆ ಅದೇ ಕಾರಿಗೆ 2028ರಲ್ಲಿ 10,000. ‘ಲೋ, ಗಾಡಿಗೆ ವಯಸ್ಸಾಗಿದ್ದಕ್ಕೆ ದಂಡ ಹಾಕ್ತಾರಲ್ಲೋ, ನನಗ್ಯಾವಾಗ ಹಾಕ್ತಾರೆ?’ ಅಂತ ಮಾವ ನಗ್ತಾರೆ.

ಈ ಶುಲ್ಕಕ್ಕೂ ಗಾಡಿಯ ಆರೋಗ್ಯಕ್ಕೂ ಸಂಬಂಧವಿಲ್ಲ ಅನ್ನೋದೇ ನನ್ನ ತಕರಾರು. ಬ್ರೇಕು, ಹೊಗೆ, ಚಾಸಿ ಎಲ್ಲ ಸರಿಯಿರುವ ಕಾರಿಗೂ ಅಷ್ಟೇ, ಹೇಗೋ ಪಾಸಾದ ಕಾರಿಗೂ ಅಷ್ಟೇ. 2021ರ ಗುಜರಿ ನೀತಿಯ ಮೂಲ ಮಾತು ಹೀಗಿರಲಿಲ್ಲ. ಖಾಸಗಿ ವಾಹನವನ್ನು ವಯಸ್ಸು ನೋಡಿ ಅಲ್ಲ, ಫಿಟ್‌ನೆಸ್ ಪರೀಕ್ಷೆ ಮಾಡಿ ನಿರ್ಧರಿಸುತ್ತೇವೆ ಅಂದಿದ್ದರು. ಬಾಗಿಲಲ್ಲಿ ಪರೀಕ್ಷೆಯ ಬೋರ್ಡು ಇದೆ, ಕೌಂಟರಿನಲ್ಲಿ ವಯಸ್ಸು ಕೇಳ್ತಾರೆ.

ಹಳೇ ಗಾಡಿ ಹೆಚ್ಚು ಹೊಗೆ ಬಿಡುತ್ತದೆ ಅನ್ನೋದು ಸುಳ್ಳಲ್ಲ. ನಮ್ಮ ಸ್ಟಾರ್ಮ್ ಇವತ್ತಿನ ಬಿಎಸ್-6 ಕಾರಿಗೆ ಸಮ ಅಂತ ನಾನು ವಾದಿಸಲ್ಲ. ಆದರೆ ತಿಂಗಳಿಗೆ ಎರಡು ಸಲ ಹೊರಬರುವ ಕಾರು ಮತ್ತು ದಿನಾ ಸಿಲ್ಕ್ ಬೋರ್ಡಿನಲ್ಲಿ ನಿಲ್ಲುವ ಕಾರು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೊಗೆಯೇ ಸಮಸ್ಯೆಯಾದರೆ ಹೊಗೆಯನ್ನು ಅಳೆಯಿರಿ. ಅಳೆಯುವ ಯಂತ್ರ ನಮ್ಮಲ್ಲಿದೆ.

ಹಳೆಯದನ್ನು ಉಳಿಸಿಕೊಳ್ಳುವವರಿಗೆ 2021ರ ವಿಂಟೇಜ್ ನಿಯಮ ಇದೆಯಲ್ಲ ಅನ್ನಬಹುದು. ಅದು 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. ಜರ್ಮನಿಯಲ್ಲಿ 30 ವರ್ಷದ ಕಾರನ್ನು ತಜ್ಞರು ಪರೀಕ್ಷಿಸಿ, ಮೂಲ ರೂಪದಲ್ಲಿ ಚೆನ್ನಾಗಿದೆ ಎಂದರೆ ಬೇರೆಯೇ ನಂಬರ್ ಪ್ಲೇಟ್ ಮತ್ತು ನಿಗದಿತ ತೆರಿಗೆ ಸಿಗುತ್ತದೆ. ಅಲ್ಲಿ ವಯಸ್ಸಿನ ಜೊತೆಗೆ ಸ್ಥಿತಿಯನ್ನೂ ನೋಡ್ತಾರೆ. ನಮ್ಮಲ್ಲಿ 15ರಿಂದ 50ರ ನಡುವಿನ 35 ವರ್ಷ ಗಾಡಿ ಬರೀ ‘ಹಳೇದು’.

ಇನ್ನು ಶೆಡ್ಡಿನೊಳಗಿನ ಕಥೆ. ಎಂಜಿನ್ ಪಕ್ಕ ಆಯಿಲ್ ಸೋರ್ತಾ ಇತ್ತು. ಸೀಲ್ ಬಿಚ್ಚಿದೆವು. ಕಾಲೇಜಿನ ಲ್ಯಾಬ್ ಬಿಟ್ಟಮೇಲೆ ಮೊದಲ ಸಲ ವರ್ನಿಯರ್ ಕ್ಯಾಲಿಪರ್ ಹಿಡಿದು ಒಳವ್ಯಾಸ, ಹೊರವ್ಯಾಸ, ದಪ್ಪ ಬರೆದುಕೊಂಡೆ. ಜೆ.ಸಿ. ರಸ್ತೆಯ ಅಂಗಡಿಯವರು ಯಾವ ಕಾರು ಅಂತಲೂ ಕೇಳಲಿಲ್ಲ. ಚೀಟಿಯಲ್ಲಿದ್ದ ಮೂರು ಅಳತೆ ನೋಡಿ, ಡಬ್ಬಿಯಿಂದ ಸೀಲ್ ತೆಗೆದುಕೊಟ್ಟರು. ಚಕ್ರದ ಬೇರಿಂಗ್ ಕೂಡ ಹಾಗೆಯೇ, ಮೇಲೆ ಕೆತ್ತಿದ್ದ ನಂಬರ್ ಹೇಳಿದರೆ ಸಾಕಾಯಿತು. ಒಡೆದ ಬಂಪರನ್ನು ಫೈಬರ್ ಮ್ಯಾಟ್, ರೆಸಿನ್ ಹಾಕಿ ಮಾವನೇ ಸರಿಮಾಡಿದರು. ಪೆಟ್ರೋಲ್ ಪೈಪಿಗೆ ಎಥನಾಲ್ ತಡೆಯುವ ರಬ್ಬರನ್ನೇ ಹುಡುಕಿ ಹಾಕಿದೆವು, ಯಾಕೆಂದರೆ ಬಂಕಿನಲ್ಲಿ ಈಗ ಶೇ 20 ಎಥನಾಲ್ ಬೆರೆತ ಪೆಟ್ರೋಲು. 2003ರ ಕಾರಿನ ಪೈಪು ಇದನ್ನು ನೆನೆದು ಮಾಡಿದ್ದಲ್ಲ.

ಇಷ್ಟೆಲ್ಲ ಆಗಿ ನಾವು ಸಿಕ್ಕಿಬಿದ್ದಿದ್ದು ಇಸಿಯು ಹತ್ತಿರ, ಅಂದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಯಾವಾಗ ಅಂತ ಹೇಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದಕ್ಕೆ ಅಳತೆಯಿಲ್ಲ, ಸಾರ್ವಜನಿಕ ನಂಬರಿಲ್ಲ, ವೈರಿಂಗ್ ನಕ್ಷೆ ಕೈಗೆ ಸಿಗಲ್ಲ. ಇಪ್ಪತ್ತು ಭಾನುವಾರದ ಕೆಲಸ ಆ ಒಂದು ಪೆಟ್ಟಿಗೆಯ ಮುಂದೆ ನಿಂತಿದೆ.

ನನಗೆ ಅರ್ಥವಾಗಿದ್ದು ಇಷ್ಟು. ಬೇರಿಂಗ್, ಸೀಲ್ ಬದುಕಿದ್ದು ಅವುಗಳ ಅಳತೆ ಎಲ್ಲರ ಸ್ವತ್ತು ಎಂಬ ಕಾರಣಕ್ಕೆ. ಕಾರು ಮಾಡಿದವರು ಅಂಗಡಿ ಮುಚ್ಚಿದರೂ ಆ ಜ್ಞಾನ ಜೆ.ಸಿ. ರಸ್ತೆಯಲ್ಲಿದೆ. ಪೆಟ್ಟಿಗೆ ಸತ್ತಿದ್ದು ಅದರ ಗುಟ್ಟು ಮಾಡಿದವರ ಜೊತೆಗೇ ಹೋಯಿತು ಎಂಬ ಕಾರಣಕ್ಕೆ.

ಇದು ಹೊಸ ಜಗಳವಲ್ಲ. ಬಿಡಿಭಾಗ, ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿವೆ. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಪೋರ್ಟಲ್‌ನಲ್ಲಿ ಹಾಕುವುದು ಕಂಪನಿಯ ಮರ್ಜಿ. ಕಾನೂನಿದ್ದರೆ ಅದು ನಮ್ಮ ಹಕ್ಕು.

ನಿಮ್ಮ ಹತ್ತಿರ ಸ್ಪೋರ್ಟ್ಸ್ ಕಾರು ಇಲ್ಲದಿರಬಹುದು. ಕಂತಿನಲ್ಲಿ ಕೊಂಡ ಎಲೆಕ್ಟ್ರಿಕ್ ಸ್ಕೂಟರ್ ಇರಬಹುದು. ನಮ್ಮ ಸ್ಟಾರ್ಮ್‌ನಲ್ಲಿ ತಲೆನೋವು ಕೊಟ್ಟಿದ್ದು ಒಂದು ಪೆಟ್ಟಿಗೆ. ನಿಮ್ಮ ಸ್ಕೂಟರಿನಲ್ಲಿ ಬ್ಯಾಟರಿ, ಮೋಟಾರು, ಡಿಸ್‌ಪ್ಲೇ ಎಲ್ಲವನ್ನೂ ಆಳೋದು ಅಂಥ ಪೆಟ್ಟಿಗೆಗಳೇ. ಅದನ್ನು ಮಾಡಿದ ಸ್ಟಾರ್ಟಪ್ ನಾಳೆ ಬಾಗಿಲು ಹಾಕಿದರೆ, ಕಂತು ತೀರುವ ಮೊದಲೇ ಗಾಡಿ ಗುಜರಿ.

ಹಾಗಾಗಿ ಕೇಳಬೇಕಾದ್ದು ಮೂರು. ನವೀಕರಣ ಶುಲ್ಕ ವಯಸ್ಸಿನ ಮೇಲಲ್ಲ, ಪರೀಕ್ಷೆಯ ಫಲಿತಾಂಶದ ಮೇಲೆ ನಿಲ್ಲಲಿ. 50 ವರ್ಷದ ವಿಂಟೇಜ್ ಮಿತಿ 30ಕ್ಕಿಳಿಯಲಿ, ಸ್ಥಿತಿ ಪರೀಕ್ಷೆಯ ಷರತ್ತಿನೊಂದಿಗೆ. ಯಾವುದೇ ಮಾದರಿಯ ತಯಾರಿಕೆ ನಿಂತ ದಿನವೇ ಅದರ ಬಿಡಿಭಾಗದ ಅಳತೆ, ವೈರಿಂಗ್ ನಕ್ಷೆ, ತಪಾಸಣಾ ಕೋಡ್‌ಗಳು ಸಾರ್ವಜನಿಕವಾಗಲಿ. ಗುಜರಿ ನೀತಿಗೆ ಅಷ್ಟು ಬೇಗ ನಿಯಮ ಬರೆದವರಿಗೆ ರಿಪೇರಿ ನೀತಿ ಬರೆಯುವುದು ಕಷ್ಟವೇನಲ್ಲ.

ಈ ಭಾನುವಾರ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅದೇ ಎಂಜಿನ್ನಿನ ಪೆಟ್ಟಿಗೆ ಹುಡುಕೋಕೆ ಹೋಗ್ತಿದ್ದೀವಿ. ಸಿಗದಿದ್ದರೆ ಸರ್ಕ್ಯೂಟ್ ಬಿಚ್ಚಿ ನೋಡೋಣ ಅಂತಾರೆ ಮಾವ. 2028ರ ಹತ್ತು ಸಾವಿರವನ್ನು ಆಗಲೇ ಬೇರೆ ಎತ್ತಿಟ್ಟಿದ್ದಾರೆ.